ಎರಡನೆಯ ಬ್ಯಾಟರಿಯ ವೈರು

ಎಂಬತ್ತರ ದಶಕದಲ್ಲಿ ನನ್ನ ಬಳಿ ಒಂದು ಹಳೆಯ ಲಾರಿ ಇತ್ತು. ನವಲಗುಂದದ ಸುತ್ತಲಿನ ಹಳ್ಳಿಗಳಿಂದ ಹುಬ್ಬಳ್ಳಿಗೆ ಹತ್ತಿ ಸಾಗಿಸುತ್ತಿದ್ದೆ. ಚಳಿಗಾಲದ ಬೆಳಗ್ಗೆ ತಳ್ಳದೆ ಅದು ಚಾಲೂ ಆಗುತ್ತಿರಲಿಲ್ಲ.

"ಸಾವ್ಕಾರ್ರ, ಇದಕ್ಕ ಎತ್ತು ಹೂಡ್ರಿ, ನಮ್ಮ ಬೆನ್ನರ ಉಳಿತಾವು" ಎಂದು ಹಮಾಲರು ನಗುತ್ತಿದ್ದರು. ಆ ನಗು ತಡೆಯಲಾರದೆ ಇನ್ನೊಂದು ಬ್ಯಾಟರಿ ತಂದೆ.

ವೈರು ಲಾರಿಯ ತಳದ ಕಬ್ಬಿಣದ ಚಾಸಿಯ ತೂತಿನಲ್ಲಿ ಹಾಯುವಲ್ಲಿ ದಪ್ಪ ರಬ್ಬರ್ ಬುಷ್ ಹಾಕಬೇಕು, ಬ್ಯಾಟರಿಯ ಹತ್ತಿರವೇ ಫ್ಯೂಜ್ ಕೂಡಿಸಬೇಕು ಎಂದು ಗ್ಯಾರೇಜಿನ ಮಿಸ್ತ್ರಿ ಹೇಳಿದ್ದ. ನಾನೇ ವೈರು ಎಳೆದು, ಎರಡನ್ನೂ ಬಿಟ್ಟೆ. ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ ವೈರಿಗೆ ಬಿಗಿಯಾಗಿ ಸುತ್ತಿದೆ. ಒಡೆದ ಪೈಪಿಗೂ ಸೀಳಿದ ನೊಗಕ್ಕೂ ನಮ್ಮ ಕಡೆ ಅದೇ ಮದ್ದು.

ಡ್ರೈವರ್ ಕುಬಿಹಾಳದವನು, ನನಗಿಂತ ಹಿರಿಯ. ಬಗ್ಗಿ ನೋಡಿ, "ವೈರ್ ಕಬ್ಬಿಣಕ್ಕ ತಿಕ್ಕಾಡತೈತ್ರಿ. ಮಿಸ್ತ್ರಿನ್ನ ಕರಿಯೂಣ್ರಿ" ಎಂದ.

"ಮ್ಯಾಟ್ರಿಕ್ ಪಾಸಾದಂವ ನಾನೋ, ನೀನೋ?"

ಅವನು ಎದ್ದು ಹೋಗಿ ಲಾರಿಯ ಗಾಜು ಒರೆಸತೊಡಗಿದ.

ಕೆಲವೇ ದಿನಗಳಲ್ಲಿ, ಮಟಮಟ ಮಧ್ಯಾಹ್ನ, ಅಣ್ಣಿಗೇರಿಯ ದಾರಿಯಲ್ಲಿ ಲಾರಿಯ ತಳದಿಂದ ಹೊಗೆ ಎದ್ದಿತು. ಒಂದು ಊರಿನ ಹತ್ತಿಯೆಲ್ಲ ಉರಿದುಹೋಯಿತು. ಹತ್ತಿ ತುಂಬಿದ ಅಂಡಿಗೆ ಚೀಲಗಳನ್ನು ಎಳೆದು ಹಾಕಲು ಹೋಗಿ ಡ್ರೈವರನ ಎರಡೂ ಅಂಗೈ ಸುಟ್ಟವು. ಸುದ್ದಿ ತಿಳಿದು ಓಡಿ ಬಂದ ನಾನು ಮೊದಲು ಆ ತೂತನ್ನೇ ನೋಡಿದೆ. ವೈರು ಕರಗಿ ಕಬ್ಬಿಣಕ್ಕೆ ಅಂಟಿಕೊಂಡಿತ್ತು.

ಸಂಜೆ ಹತ್ತಿಯವರ ಊರಿನ ಕಟ್ಟೆಯ ಮೇಲೆ ಮಂದಿ ಕೂಡಿದರು. "ಬೀಡಿ ಸೇದಿದ್ದೇನಲೇ?" ಎಂದು ಗುಂಪಿನಲ್ಲೊಬ್ಬ ನನ್ನ ಡ್ರೈವರನನ್ನು ಕೇಳಿದ.

ಹತ್ತಿ ಹೇರುವ ಮೊದಲು ಬೀಡಿ, ಕಡ್ಡಿಪೆಟ್ಟಿಗೆಯನ್ನು ಲಾರಿ ಮಾಲೀಕನ ಕೈಗೆ ಕೊಡುವುದು ನಮ್ಮಲ್ಲಿ ರೂಢಿ. "ಸಾವ್ಕಾರ್ರ ಕಡೆ ಕೊಟ್ಟೇನ್ರಿ. ಕೇಳ್ರಿ ಅವರನ್ನ" ಎಂದ ಅವನು. ಆ ಹೊತ್ತಿಗೂ ಅವು ನನ್ನ ಕಿಸೆಯಲ್ಲಿದ್ದವು.

"ಇವತ್ತ ಕೊಟ್ಟಿಲ್ಲ" ಎಂದೆ.

ಎಲ್ಲರೂ ನನ್ನ ಮಾತು ನಂಬಿದರು. ಆಮೇಲೆ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಸುಟ್ಟು ಮುರುಟಿದ ಕೈಗಳಲ್ಲಿ ಅವನು ಹಮಾಲಿ ಮಾಡಿದ. ನಾನು ಬೇರೆ ಲಾರಿ ಕೊಂಡೆ.

ಮುಪ್ಪಿನಲ್ಲಿ ಕುಬಿಹಾಳಕ್ಕೆ ಹೋಗಿ, ತಪ್ಪು ನನ್ನದು ಎಂದು ಅವನೆದುರು ಒಪ್ಪಿಕೊಂಡೆ.

"ನನಗ ಗೊತ್ತಿಲ್ಲೇನ್ರಿ?" ಎಂದ. "ವೈರ್ ನಾನೂ ನೋಡಿದ್ದೆ. ನಿಮ್ಮ ಮಾತಿನ ಮುಂದ ನನ್ನ ಮಾತು ಯಾರ್ ಕೇಳ್ತಿದ್ರು? ನನಗ ಹೇಳಿ ಏನ್ ಬಂತು? ಅವತ್ತ ಕಟ್ಟಿ ಮ್ಯಾಲ ಕುಂತಿದ್ರಲ್ಲ, ಅವರಿಗೆ ಹೇಳ್ರಿ."

ಹೇಳಬೇಕೆಂದೇ ಆ ಊರಿಗೂ ಹೋದೆ. ಕಟ್ಟೆಯಲ್ಲಿ ಅಂದಿನವರು ಇಬ್ಬರೇ ಉಳಿದಿದ್ದರು. ಒಬ್ಬ ನನ್ನ ಗುರುತು ಹಿಡಿದು ಜಾಗ ಮಾಡಿ ಕೂರಿಸಿದ, ಚಹಾ ತರಿಸಿದ.

"ಆ ಬೀಡಿ ಡ್ರೈವರ್ ಇನ್ನೂ ಅದಾನೇನ್ರಿ?" ಎಂದು ಕೇಳಿದ.

"ಅದಾನ" ಎಂದೆ. ಅಷ್ಟೇ ಹೇಳಿ, ಚಹಾ ಕುಡಿದು, ಬಸ್ಸು ಹತ್ತಿದೆ.