ಅಥಣಿ ಫೈನಲ್ಲಿನ ಹುತುತು

ನಮ್ಮ ಚಿಕ್ಕೋಡಿ ಕಾಲೇಜಿನ ಹುಡುಗಿಯರ ಕಬಡ್ಡಿ ತಂಡಕ್ಕೆ ಆ ವರ್ಷ ನಾನು ಕ್ಯಾಪ್ಟನ್. ಆಟದಲ್ಲಿ ನಾನೇನು ಮಹಾ ಅಲ್ಲ. ಬಾಯಿ ಜೋರಿತ್ತು, ಅದಕ್ಕೇ ಸ್ಪೋರ್ಟ್ಸ್ ಸರ್ ನನ್ನನ್ನು ಆರಿಸಿದ್ದರು. ತಂಡ ನಿಂತಿದ್ದದ್ದು ಬೋರಗಾಂವದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿಯ ಮೇಲೆ. ಅವಳು ರೇಡಿಗೆ ಹೊರಟರೆ ಎದುರಿನ ಏಳೂ ಜನ ಹಿಂದೆ ಹಿಂದೆ ಸರಿಯುತ್ತಿದ್ದರು.

ಅವಳಿಗೆ ಒಂದೇ ಒಂದು ಖೋಡಿ. ದಣಿದಾಗ ಬಾಯಲ್ಲಿ ‘ಕಬಡ್ಡಿ’ ಹೋಗಿ ‘ಹುತುತು’ ಬಂದುಬಿಡುತ್ತಿತ್ತು. ಈ ಆಟಕ್ಕೆ ಮರಾಠಿಯ ಹಳೆಯ ಹೆಸರು ಅದು. ಓಣಿಯ ಮಣ್ಣಲ್ಲಿ ಅವಳ ಅಪ್ಪ ಉಸಿರು ಹಿಡಿಯುವುದನ್ನು ಕಲಿಸಿದ್ದೇ ಆ ಮಾತಿನಿಂದ. ಆದರೆ ರೂಲಿನ ಪ್ರಕಾರ ‘ಕಬಡ್ಡಿ’ ಬಿಟ್ಟು ಬೇರೇನು ಅಂದರೂ ರೇಡ್ ಹಾಳು, ಮೇಲೊಂದು ಪಾಯಿಂಟು ಎದುರಿನವರಿಗೆ. ಪ್ರಾಕ್ಟೀಸಿನಲ್ಲಿ ಅವಳು ಹುತುತು ಅಂದಾಗಲೆಲ್ಲ ಸರ್ ಹಣೆ ಹಣೆ ಬಡಿದುಕೊಳ್ಳುತ್ತಿದ್ದರು.

“ಏ, ನಾಲಿಗಿ ಮ್ಯಾಲೆ ಕಬಡ್ಡಿ ಅಂತ ಹಚ್ಚಿ ಹಾಕಿಸ್ಕೊಂಡ್ ಬಾ,” ಎಂದು ನಾನು ಕಾಡಿಸುತ್ತಿದ್ದೆ.

“ನಮ್ಮಪ್ಪ ಕಲಿಸಿದ್ದವ್ವಾ. ಬಿಡಂದ್ರ ಬಿಡವಲ್ದು,” ಎಂದು ನಗುತ್ತಿದ್ದಳು.

ಅವಳ ಅಪ್ಪ ಪವರ್‌ಲೂಮಿನಲ್ಲಿ ಕೆಲಸಕ್ಕಿದ್ದರು. ಮಗ್ಗಗಳ ಸದ್ದಿನ ಮೇಲೆ ಕೂಗಿ ಕೂಗಿ ದನಿ ಒಡೆದಿದೆ ಎಂದೇ ಎಲ್ಲರೂ ತಿಳಿದಿದ್ದರು. ಆ ಶ್ರಾವಣದಲ್ಲಿ ಮಿರಜದ ಡಾಕ್ಟರು ಗಂಟಲಲ್ಲಿ ಗಡ್ಡೆ ಇದೆ ಎಂದರು. ಆಪರೇಶನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ.

ಅವರದೊಂದೇ ಆಸೆ. ಮಗಳು ಯುನಿವರ್ಸಿಟಿ ತಂಡಕ್ಕೆ ಆರಿಸಿ ಬರಬೇಕು, ಆ ಸುದ್ದಿಯನ್ನು ತಾವೇ ಓಣಿಯ ಮನೆಮನೆಗೆ ಹೋಗಿ ತಮ್ಮ ಬಾಯಿಂದ ಹೇಳಬೇಕು. ಗೆದ್ದ ತಂಡದ ರೇಡರ್ ಹೆಸರನ್ನು ಯುನಿವರ್ಸಿಟಿ ತಂಡಕ್ಕೆಂದು ಫೈನಲ್ ಮುಗಿದ ಕೂಡಲೇ ಮೈದಾನದಲ್ಲೇ ಕೂಗುತ್ತಾರೆ, ಸೋತವರದು ಆಮೇಲಿನ ಮಾತು ಎಂದು ಸರ್ ಹೇಳಿದ್ದರು. “ಫೈನಲ್ ಒಂದ್ ಮುಗೀಲಿ, ಆಮ್ಯಾಲ ಗಂಟಲಾ ಕೊಯ್ರಿ ಅಂದೇನ್ರಿ ಡಾಕ್ಟರಗ,” ಎಂದು ಅವರು ಸರ್ ಮುಂದೆ ಪಿಸುಗುಟ್ಟಿದ್ದು ನೆನಪಿದೆ.

ಕಾಗವಾಡದಲ್ಲಿ ಗೆದ್ದೆವು. ನಿಪ್ಪಾಣಿಯವರನ್ನು ಅವರ ಊರಲ್ಲೇ ಸೋಲಿಸಿದೆವು. ರಾಯಬಾಗದ ಸೆಮಿಫೈನಲ್ಲಿನಲ್ಲಿ ಮಳೆ ಬಿದ್ದು ಮೈದಾನ ಕೆಸರಾಗಿತ್ತು, ಯಾರು ನಮ್ಮವರು ಯಾರು ಅವರವರು ಗೊತ್ತಾಗದೆ ನಾನು ನಮ್ಮವಳ ಕಾಲನ್ನೇ ಹಿಡಿದಿದ್ದೆ. ಪ್ರತಿ ಆಟಕ್ಕೂ ಅವಳ ಅಪ್ಪ ಬರುತ್ತಿದ್ದರು. ಟಾವೆಲ್ ಹಾಸಿಕೊಂಡು ಕೂತರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಚಹಾ ಬೇಕಾದರೂ ಕೈಸನ್ನೆ. ಇದ್ದಷ್ಟು ದನಿಯನ್ನು ಆ ಒಂದು ಸುದ್ದಿಗಾಗಿ ಉಳಿಸಿಕೊಳ್ಳುತ್ತಿದ್ದರು.

ಅಥಣಿಯ ಫೈನಲ್ಲಿನಲ್ಲಿ ಕೊನೆಯ ರೇಡ್ ಹೊತ್ತಿಗೆ ನಾವು ಒಂದು ಪಾಯಿಂಟು ಹಿಂದಿದ್ದೆವು. ಅವಳು ಹೋದಳು. ಮೈದಾನ ಗಪ್ಪಾಯಿತು. ಮೂಲೆಯವಳನ್ನು ಮುಟ್ಟಿದಳು, ತಿರುಗುವಾಗ ಇನ್ನೊಬ್ಬಳನ್ನು ಕಾಲಿಂದ ತಾಕಿದಳು. ಇಬ್ಬರು ಔಟು! ಗೆರೆ ಮುಟ್ಟಿದರೆ ಆಯಿತು. ಮೂರ್ನಾಲ್ಕು ಹುಡುಗಿಯರು ಅವಳ ಸೊಂಟಕ್ಕೆ ಬಿದ್ದರು. ಅವಳು ಉಸಿರು ಬಿಡದೆ ಅವರನ್ನು ಎಳೆದುಕೊಂಡೇ ಬರುತ್ತಿದ್ದಳು. ಆಗ ಅವಳ ಅಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಆ ಒಡೆದ ದನಿಯಲ್ಲಿ, ಮಗಳ ಉಸಿರಿಗೆ ತಮ್ಮ ಉಸಿರು ಸೇರಿಸುವವರಂತೆ ಕೂಗಿದರು.

“ಹುತುತುತುತು...”

ಅವಳ ಬಾಯಿ ಅಪ್ಪನ ಹಿಂದೆ ಹೋಯಿತು. ಕಬಡ್ಡಿ ಹೋಗಿ ಹುತುತು ಬಂತು. ಅವಳ ಬೆರಳು ಗೆರೆ ಮುಟ್ಟುವ ಮೊದಲೇ ಅಂಪೈರ್ ಸೀಟಿ ಊದಿದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಅಂಪೈರ್ ಜೊತೆ ಜಗಳಕ್ಕೆ ನಿಂತೆ. ಇದೂ ಉಸಿರೇ ಅಲ್ಲವೇ, ಇದೂ ಅದೇ ಆಟ ಅಲ್ಲವೇ ಎಂದು ಕೂಗಾಡಿದೆ. ಸರ್ ನನ್ನನ್ನು ಎಳೆದುಕೊಂಡು ಹೋದರು.

ವಾಪಸು ಬರುವಾಗ ಕ್ರೂಸರ್ ಗಾಡಿಯಲ್ಲಿ ಅವಳು ಅಪ್ಪನ ಪಕ್ಕ ಕೂತಿದ್ದಳು.

“ನನಗ ದಮ್ಮ ಹತ್ತಿತ್ತಪ್ಪಾ. ನೀ ಒದರಿದ್ದು ಕೇಳಸೇ ಇಲ್ಲ,” ಅಂದಳು.

ಸುಳ್ಳೆಂದು ಗಾಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವರಿಗೂ. ಅವರು ಕಿಟಕಿಯಾಚೆಯ ಕಬ್ಬು ನೋಡುತ್ತ ಕೂತರು.

ಆಪರೇಶನ್‌ಗೆ ಇನ್ನೂ ನಾಲ್ಕೈದು ದಿನವಿತ್ತು. ಅಷ್ಟು ದಿನ ಅವರು ಒಂದು ಮಾತೂ ಆಡಲಿಲ್ಲ. “ಬೈಯಾಕರ ಬಾಯಿ ತಗಿಯಪ್ಪಾ,” ಎಂದು ಅವಳು ಕಾಲು ಹಿಡಿದಳಂತೆ. ಆಗಲೂ ಆಡಲಿಲ್ಲ. ಮಗಳ ಹೆಸರನ್ನಾದರೂ ಒಮ್ಮೆ ಕರೆಯಬಹುದಿತ್ತಲ್ಲ! ಆ ದಿನಗಳನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ. ಕೊನೆಗೆ ಹಾಗೆಯೇ ಮಿರಜಕ್ಕೆ ಹೋದರು.

ಅವರು ಮನೆಗೆ ಮರಳಿದ ವಾರದಲ್ಲೇ ಯುನಿವರ್ಸಿಟಿ ತಂಡ ಪ್ರಕಟವಾಯಿತು. ಸೋತರೂ ಅವಳ ಹೆಸರಿತ್ತು. ಸುದ್ದಿ ತಿಳಿದು ನಾನು ಬೋರಗಾಂವಕ್ಕೆ ಓಡಿದೆ. ಅವಳು ಅಪ್ಪನ ಹಾಸಿಗೆಯ ಬಳಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವರು ಎದ್ದು ಕುತ್ತಿಗೆಗೆ ಟಾವೆಲ್ ಸುತ್ತಿಕೊಂಡರು, ನನ್ನ ಕೈ ಹಿಡಿದು ಓಣಿಯ ಕಡೆ ತೋರಿಸಿದರು. ಅರ್ಥವಾಯಿತು.

ಮನೆಮನೆಗೆ ಹೋದೆವು. ನಾನು ಸುದ್ದಿ ಹೇಳುವುದು, ಅವರು ಪಕ್ಕದಲ್ಲಿ ನಿಂತು ಬೆರಳಿಂದ ತಮ್ಮ ಎದೆ ತೋರಿಸುವುದು. ಜನ ಬಾಯಿಗೆ ಸಕ್ಕರೆ ಹಾಕಿದರು. ಕಡೆಯ ಮನೆಯ ಮುದುಕಿ ಅಂದೇ ತನ್ನ ಮಗಳ ಊರಿಂದ ಬಂದಿದ್ದಳು, ಅವಳಿಗೆ ಗಂಟಲಿನ ಸಂಗತಿ ತಿಳಿದಿರಲಿಲ್ಲ. ನನ್ನ ಮಾತು ಕೇಳಿ ಅವರತ್ತ ನೋಡಿದಳು.

“ಯಾಕಪಾ, ನಿನ್ನ ಬಾಯಿಲೆ ಹೇಳಾಕ ಏನಾಗೇತಿ? ಮಗಳು ದೊಡ್ಡಾಕಿ ಆದ್ಲಂತ ಸೊಕ್ಕ ಬಂತೇನ್?”

ಇದ್ದ ಸಂಗತಿ ಹೇಳಲು ಹೋದೆ. ಅವರು ನನ್ನ ಕೈ ಅದುಮಿ ತಡೆದರು. ಮುದುಕಿಯ ಕಡೆ ತಿರುಗಿ, ಹೌದು, ಸೊಕ್ಕು ಬಂದಿದೆ ಎಂದು ನಗುತ್ತ ತಲೆಯಾಡಿಸಿದರು.