ಹಿತ್ತಲ ಬಾಗಿಲ ಮಾಟಗಾತಿ

ನಾನು ಬರೆಯುತ್ತಿದ್ದ ಕಾದಂಬರಿಯಲ್ಲಿ ಒಬ್ಬಳು ಮಾಟಗಾತಿ, ಒಬ್ಬ ರಾಕ್ಷಸ, ಪಾಳೇಗಾರರ ಕಾಲದ ಒಂದು ಕೋಟೆ ಇದ್ದವು. ಬರೆಸುತ್ತಿದ್ದದ್ದು ಮಾತ್ರ ಸಿಟ್ಟು. ವಾರವೆಲ್ಲ ಕೃಷ್ಣಗಿರಿಯ ಕಚೇರಿಯಲ್ಲಿ ತಮಿಳು ಅರ್ಜಿ ಟೈಪ್ ಮಾಡಿ, ಶನಿವಾರ ಗುಮ್ಮಳಾಪುರದ ಮನೆಗೆ ಬಂದು ಆ ಸಿಟ್ಟನ್ನು ಕನ್ನಡದಲ್ಲಿ ಕಾರಿಕೊಳ್ಳುತ್ತಿದ್ದೆ.

ಸಿಟ್ಟು ನಮ್ಮ ಮನೆಯಲ್ಲೇ ಇರುವ ಸೋದರತ್ತೆಗಾಗಿ. ಅತ್ತೆ ದೃಷ್ಟಿ ತೆಗೆಯುತ್ತಾಳೆ. ಕೂಸು ಹಾಲು ಕುಡಿಯದಿದ್ದರೆ, ಹಸು ಕರುವನ್ನು ಹತ್ತಿರ ಸೇರಿಸದಿದ್ದರೆ, ಉಪ್ಪು, ಒಣಮೆಣಸಿನಕಾಯಿ ಹಿಡಿದು ಮೂರು ಸಲ ನಿವಾಳಿಸಿ ಕೆಂಡಕ್ಕೆ ಹಾಕುತ್ತಾಳೆ. ಘಾಟು ಏಳದಿದ್ದರೆ ದೃಷ್ಟಿ ತಗುಲಿತ್ತು ಎಂದು ಅರ್ಥ. ಎದ್ದರೆ ದೃಷ್ಟಿಯಲ್ಲ, ಬೇರೇನೋ. ಇಷ್ಟೇ ಅವಳ ವಿದ್ಯೆ. ಆದರೆ ಊರವರು ಇದಕ್ಕೆ ಬರುವುದು ಹಿತ್ತಲ ಬಾಗಿಲಿಗೆ. ಮುಂದಿನಿಂದ ಬಂದರೆ ಬೀದಿಯವರು ನೋಡುತ್ತಾರಲ್ಲ! ತೆಗೆಯಬಲ್ಲವಳು ಹಾಕಲೂ ಬಲ್ಲಳು ಎಂದು ಅವರ ನಂಬಿಕೆ. ಬೆನ್ನ ಹಿಂದೆ ಅವಳಿಗೆ ಮಾಟಗಾತಿ ಎಂದೇ ಹೆಸರು.

ಹೋದ ವರ್ಷ ಎದುರಿನ ದೊಡ್ಡ ಮನೆಯಲ್ಲಿ ಮೊಮ್ಮಗನ ನಾಮಕರಣವಾಯಿತು. ಆ ಬಾಣಂತಿಗೂ ಕೂಸಿಗೂ ಹುಟ್ಟಿದಾಗಿನಿಂದ ದೃಷ್ಟಿ ತೆಗೆದವಳು ಅತ್ತೆ. ಆ ಮನೆಯ ಯಜಮಾನಿ ಕರೆಯಲು ಬಂದಳು. ಅಮ್ಮನನ್ನು ಕರೆದಳು, ನನ್ನನ್ನು ಕರೆದಳು, ಮೊಸರಿಗೆ ಹೆಪ್ಪು ಕೇಳಲು ಬಂದು ನಿಂತಿದ್ದ ಪಕ್ಕದ ಮನೆಯವಳನ್ನೂ ಕರೆದಳು. ಅತ್ತೆಯ ಕಡೆ ತಿರುಗಿ, “ನೀನು ಬ್ಯಾಡ ಕಣಕ್ಕ. ನೆಂಟ್ರು ಬತ್ತಾರೆ, ಏನಾದ್ರೂ ಅಂದ್ಕೋತಾರೆ” ಎಂದಳು.

ನಾಮಕರಣ ಮುಗಿದು ಮೂರು ದಿನವಾಗಿರಲಿಲ್ಲ, ಕೂಸು ಕಿರುಚುತ್ತಿದೆ ಎಂದು ಅದೇ ಹೆಂಗಸು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ನಾಚಿಕೆ ಬೇಡವೇ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವವರನ್ನು ಕಂಡಿದ್ದೇನೆ. ಇವರು ಅಂಬಿಗನನ್ನು ಬೈದು ಮತ್ತೆ ಅವನ ದೋಣಿಯನ್ನೇ ಹತ್ತುವವರು. “ಹೋಗ್ಬ್ಯಾಡ ಅತ್ತೆ” ಎಂದು ಸೆರಗು ಹಿಡಿದೆ. “ಕೂಸಿಗೇನು ಗೊತ್ತು ಬುಡೆ” ಎಂದು ಬಿಡಿಸಿಕೊಂಡು ಉಪ್ಪಿನ ಮಡಕೆಗೆ ಕೈ ಹಾಕಿದಳು.

ಅವಳು ತೀರಿಸಿಕೊಳ್ಳದ ಸೇಡನ್ನು ನಾನು ತೀರಿಸುತ್ತೇನೆ ಎಂದು ಅವತ್ತೇ ಬರೆಯಲು ಕೂತೆ. ನನ್ನ ಮಾಟಗಾತಿಯ ಕೈಗೆ ಅತ್ತೆಯ ಉಪ್ಪು ಮೆಣಸಿನಕಾಯಿ ಕೊಟ್ಟೆ. ಅವಳನ್ನು ಹೊರದಬ್ಬಿದ ಪಾಳೇಗಾರನ ಮೇಲೆ ಅವಳು ಕೆಂಡದ ಹೊಗೆಯಿಂದ ರಾಕ್ಷಸನನ್ನು ಎಬ್ಬಿಸಿದಳು. ಅವನು ಕೋಟೆಯನ್ನು ಬುಡಸಮೇತ ಸುಟ್ಟ. ಬರೆಯುವಾಗ ಎಷ್ಟು ಹಾಯೆನಿಸಿತ್ತು!

ಅವರೆಕಾಯಿ ಕಾಲದ ಒಂದು ಭಾನುವಾರ ಜಗಲಿಯಲ್ಲಿ ಅತ್ತೆಗೆ ಓದಿ ಹೇಳಿದೆ. ಅವಳಿಗೆ ಓದು ಬರದು. ಅವರೆಕಾಳು ಹಿತುಕುತ್ತಾ ಕೇಳಿದಳು. ರಾಕ್ಷಸ ಎದ್ದಾಗ, “ಅಷ್ಟು ಘಾಟಲ್ಲಿ ಅವನಿಗೆ ಕೆಮ್ಮು ಬರ್ಲಿಲ್ವಾ?” ಎಂದು ನಕ್ಕಳು. ಕೋಟೆ ಹತ್ತಿಕೊಂಡಾಗ ಅವಳ ಕೈ ನಿಂತಿತು.

“ಆ ಕೋಟೇಲಿ ತೊಟ್ಲು ಇರ್ಲಿಲ್ವೇನೆ?”

“ಇದು ಕತೆ ಅತ್ತೆ.”

“ಕತೆ ಆದ್ರೆ ನನ್ನ ಮೆಣಸಿನಕಾಯಿ ಯಾಕೆ ಎತ್ಕೊಂಡೆ? ನಾನು ಯಾರ ಮನೆ ಸುಟ್ಟೆ? ಊರೋರು ಬಾಯಲ್ಲಿ ಅಂದ್ರು, ಗಾಳಿಗೆ ಹೋಯ್ತು. ನೀನು ಬರ್ದು ಮಡಗ್ಬುಟ್ಟೆ.”

ಮೊದಲು ಅವಳ ಮೇಲೇ ರೇಗಿತು. ನಿನಗಾಗಿ ಬರೆದರೆ ನನ್ನನ್ನೇ ಬೈತೀಯಾ ಎಂದುಬಿಟ್ಟೆ. ಅವಳು ಸಿಪ್ಪೆ ಗುಡಿಸಿಕೊಂಡು ಒಳಗೆ ಹೋದಳು. ಆಮೇಲೆ ನನ್ನ ಹಾಳೆಗಳನ್ನು ಮತ್ತೆ ಓದಿದೆ. ಊರಿನ ಚಾಡಿಗೆ ಕಾಗದದ ಸಾಕ್ಷಿ ಬರೆದುಕೊಟ್ಟವಳು ನಾನು. ಎರಡು ವಾರ ಪೆನ್ನು ಮುಟ್ಟಲಿಲ್ಲ.

ಮುಂದಿನ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಹಿತ್ತಲಲ್ಲಿ ಅದೇ ದನಿ ಕೇಳಿಸಿತು. “ಅಕ್ಕ, ಕೂಸು ಅಳು ನಿಲ್ಲಿಸ್ತಿಲ್ಲ.” ಅತ್ತೆ ಏಳುವ ಮೊದಲೇ ಹೋಗಿ ಅಗುಳಿ ಹಾಕಿದೆ.

“ಈ ಬಾಗ್ಲು ತೆಗೆಯಲ್ಲ. ಅತ್ತೆ ಬೇಕಾದ್ರೆ ಮುಂದ್ಗಡೆಯಿಂದ ಬಾರಮ್ಮ” ಎಂದು ಜೋರಾಗಿಯೇ ಕೂಗಿದೆ.

“ಕೂಸು ಅಳ್ತದೆ ಕಣೆ, ತೆಗಿ” ಎಂದಳು ಅತ್ತೆ.

“ಹತ್ತು ಹೆಜ್ಜೆ ಅತ್ತೆ. ಹತ್ತೇ ಹೆಜ್ಜೆ.”

ಅಳು ಗೋಡೆಯ ಪಕ್ಕದಲ್ಲೇ ಸುತ್ತಿಕೊಂಡು ಬಂತು. ಯಜಮಾನಿ ಕೂಸನ್ನು ಎತ್ತಿಕೊಂಡು ಬೀದಿಯ ಆ ತುದಿ ಈ ತುದಿ ನೋಡಿ, ತಲೆ ತಗ್ಗಿಸಿ ಮೆಟ್ಟಿಲು ಹತ್ತಿದಳು. ಅತ್ತೆ ಅವಳನ್ನು ಜಗಲಿಯ ಮೇಲೇ ಕೂರಿಸಿ, ಎಲ್ಲರೂ ನೋಡುತ್ತಿರುವಾಗಲೇ ಮೂರು ಸಲ ನಿವಾಳಿಸಿದಳು. ನಾನು ಕೆಂಡ ತಂದಿಟ್ಟೆ. ಮೆಣಸಿನಕಾಯಿ ಬಿದ್ದದ್ದೇ ತಡ, ಘಾಟು ಎದ್ದು ಬೀದಿಗೆ ಬೀದಿಯೇ ಕೆಮ್ಮಿತು.

“ಯಾರ ಕಣ್ಣೂ ಬಿದ್ದಿಲ್ಲ ಕಣವ್ವ” ಎಂದಳು ಅತ್ತೆ, ಕೂಸಿನ ಕಿವಿ ಮುಟ್ಟಿ ನೋಡಿ. “ಕಿವಿನೋವು ಇದ್ದಂಗದೆ. ಆಸ್ಪತ್ರೆಗೆ ಕರ್ಕೊಂಡೋಗು.”

ಯಜಮಾನಿ ಮುಂದಿನ ಮೆಟ್ಟಿಲಿಂದಲೇ ಇಳಿದು ಹೋದಳು. ಎದುರು ಜಗಲಿಗಳಲ್ಲಿ ಇನ್ನೂ ಕೆಮ್ಮುತ್ತಿದ್ದರು. ತಾವು ನೋಡಲೇ ಇಲ್ಲ ಎಂದು ಅವರಲ್ಲಿ ಯಾರೂ ಹೇಳುವಂತಿರಲಿಲ್ಲ.