ಪಂಚಮಿಯ ದಿನ ಹಂಚು ಇಟ್ಟವರು

೨೦೧೫ರ ಶ್ರಾವಣ. ಬೀದರಿನ ನೌಬಾದದಲ್ಲಿ ನಮ್ಮ ಮನೆ. ಯಾರಾದರೂ ನನ್ನ ಉದ್ಯೋಗ ಕೇಳಿದರೆ ಗೃಹಿಣಿ ಎಂದೇ ಹೇಳುತ್ತಿದ್ದೆ. ಆ ವರ್ಷ ಅದರ ಜೊತೆಗೆ ಇನ್ನೊಂದು ಕೆಲಸ ಸೇರಿಕೊಂಡಿತ್ತು: ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳನ್ನು ಮೊಬೈಲಿನಲ್ಲಿ ಮಾರುವ ಸಣ್ಣ ಆನ್‌ಲೈನ್ ವ್ಯಾಪಾರ. ಅಂಗಡಿ ಇಲ್ಲ, ಬೋರ್ಡಿಲ್ಲ. ಒಂದು ಫೋನು, ಒಂದು ಒಲೆ, ಮೇಲೆ ದೇವರು.

ಮಳೆ ಕೈಕೊಟ್ಟ ಕಾಲ ಅದು. ಔರಾದ, ಭಾಲ್ಕಿ ಕಡೆಯ ಮನೆಗಳಿಗೆ ಬೀಗ ಬೀಳುತ್ತಿತ್ತು. ಹೈದರಾಬಾದ್, ಪುಣೆಯ ಬಸ್ಸುಗಳಲ್ಲಿ ಹಾಸಿಗೆ ಸುತ್ತಿಕೊಂಡ ಮಂದಿ. ಎಕಂಬಾ ಎಂಬ ಹಳ್ಳಿಯ ಕಮಲಾಬಾಯಿಯ ಗಂಡ ಆಗಲೇ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮಗಳು ಸವಿತಾಳ ಹತ್ತನೆಯ ತರಗತಿ ಮುಗಿಯಲಿ ಎಂದು ಕಮಲಾಬಾಯಿ ನಮ್ಮ ಹಿತ್ತಲಿನ ಕೋಣೆಯಲ್ಲಿ ಬಾಡಿಗೆಗೆ ಇದ್ದಳು. ಅವಳು ಬಡಿದ ರೊಟ್ಟಿ ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತಿತ್ತು. ಅಂಥ ಕೈ ನಮಗೆ ಸಿಕ್ಕಿದ್ದೇ ದೇವರ ಕೃಪೆ.

ಮೊದಲು ನಾನು ಹಿತ್ತಾಳೆ ತಟ್ಟೆಯಲ್ಲಿ ರೊಟ್ಟಿ ಜೋಡಿಸಿ, ಮೇಲೊಂದು ಚೆಂಡುಹೂವಿಟ್ಟು ಫೋಟೊ ಹಾಕುತ್ತಿದ್ದೆ. ಲೈಕು ಬಂದವು, ಆರ್ಡರ್ ಬರಲಿಲ್ಲ. ಮಹಿಳೆಯರ ತರಬೇತಿಯೊಂದರಲ್ಲಿ 'ಟಾರ್ಗೆಟ್ ಕಸ್ಟಮರ್' ಎಂಬ ಮಾತು ಕೇಳಿದೆ. ಅಂದರೆ, ನಮ್ಮ ಮಾಲು ಯಾರಿಗೆ ನಿಜವಾಗಿ ಬೇಕೋ ಅವರು. ಮನೆಯಲ್ಲಿ ರೊಟ್ಟಿ ಇರುವವರು ಫೋಟೊ ಮೆಚ್ಚುತ್ತಾರೆ. ಕೊಳ್ಳುವವರು ಊರು ಬಿಟ್ಟು ಹೋದವರು. ಹಾಗಾಗಿ ಹೈದರಾಬಾದಿನಲ್ಲಿದ್ದ ನಮ್ಮ ಕಡೆಯವರ ಮೊಬೈಲ್ ಗ್ರೂಪುಗಳನ್ನು ಹುಡುಕಿ ಸೇರಿಕೊಂಡೆ.

ಅಲ್ಲಿಯೇ ಸಿಕ್ಕವರು ಭಾಲ್ಕಿ ತಾಲೂಕಿನ ಸಾಯಗಾಂವದ ಶರಣಪ್ಪ. ದುಡಿಯಲು ಹೋದ ಬೀದರ ಮಂದಿಗಾಗಿ ಅಲ್ಲೊಂದು ಊಟದ ಮೆಸ್ ನಡೆಸುತ್ತಿದ್ದರು. ನಾನು ಬಸ್ಸಿಗೆ ಹಾಕಿ ಕಳಿಸಿದ ಕಮಲಾಬಾಯಿಯ ರೊಟ್ಟಿಯ ರುಚಿ ನೋಡಿ, "ಪಂಚಮಿ ಮರುದಿನ ಮುಂಜಾನಿ ಮುಟ್ಟಸ್ರಿ. ಮಂದಿ ಒಪ್ಪಿದ್ರ ವಾರಾ ವಾರಾ ನಿಮ್ಮದೇ ರೊಟ್ಟಿ" ಎಂದರು. ವ್ಯಾಪಾರದಲ್ಲಿ ಇದನ್ನು ಟ್ರಯಲ್ ಆರ್ಡರ್ ಎನ್ನುತ್ತಾರೆ. ನನಗೆ ಅದು ವ್ಯಾಪಾರ. ಕಮಲಾಬಾಯಿಗೆ ಊರಲ್ಲಿ ಉಳಿಯುವ ದಾರಿ. ಇದು ತಪ್ಪಿದರೆ ಮಗಳ ಸಾಲಿ ಬಿಡಿಸಿ ಗಂಡನಿದ್ದಲ್ಲಿಗೆ ಹೋಗುವುದೆಂದು ಅವಳು ತಗಡಿನ ಟ್ರಂಕು ತುಂಬಿಟ್ಟಿದ್ದಳು.

ನಾಗರ ಪಂಚಮಿಯ ದಿನ ನಮ್ಮಲ್ಲಿ ಒಲೆಯ ಮೇಲೆ ರೊಟ್ಟಿಯ ಹಂಚು ಇಡುವುದಿಲ್ಲ. ನಾಗಪ್ಪನಿಗೆ ಸುಡುತ್ತದೆ ಎಂಬ ನಂಬಿಕೆ. ಅದಕ್ಕೇ ಕಮಲಾಬಾಯಿ ಮೊದಲೇ ರೊಟ್ಟಿಯೆಲ್ಲ ಬಡಿದು, ಖಡಕ್ ಮಾಡಿ, ಅಡುಗೆಮನೆಯ ದೊಡ್ಡ ಡಬ್ಬಿಗೆ ತುಂಬಿದ್ದಳು. ಹಂಚು ತೊಳೆದು ಬೋರಲು ಹಾಕಿಯೂ ಆಗಿತ್ತು.

ಪಂಚಮಿಯ ಮುಂಜಾನೆ ಹುತ್ತಕ್ಕೆ ಹಾಲೆರೆದು ಬಂದು ಪ್ಯಾಕ್ ಮಾಡಲು ಡಬ್ಬಿ ತೆರೆದೆವು. ಒಳಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ದಪ್ಪ ರೊಟ್ಟಿ, ಸುಟ್ಟಂಚಿನ ರೊಟ್ಟಿ, ಯಾರ್ಯಾರದೋ ಕೈ. ನಮ್ಮದು ಒಂದೂ ಇರಲಿಲ್ಲ.

ನಮ್ಮ ಅತ್ತೆಯವರ ತವರು ವಿಜಯಪುರದ ಕಡೆ. ಪಂಚಮಿಯ ಮುಂಚೆ ಮನೆಮನೆಗೆ ರೊಟ್ಟಿ ಬೀರುವುದು, ಅವರು ಕೊಟ್ಟದ್ದನ್ನು ತರುವುದು ಅವರ ಜೊತೆಗೇ ಬಂದ ಪದ್ಧತಿ. ಹಿಂದಿನ ದಿನ ನಾನೂ ಕಮಲಾಬಾಯಿಯೂ ಹಿಂಡಿಯ ಡಬ್ಬಿ ಕೊಳ್ಳಲು ಪೇಟೆಗೆ ಹೋದಾಗ, ತುಂಬಿದ ಡಬ್ಬಿ ಕಂಡು ಅವರ ಮನಸ್ಸೂ ತುಂಬಿದೆ. ಓಣಿಯ ಮನೆಗಳಿಗೆಲ್ಲ ಕೊಟ್ಟು ಬಂದಿದ್ದರು.

"ಇಷ್ಟು ರೊಟ್ಟಿ ಯಾಕ ಬಡಿದಿರಿ ಮತ್ತ? ಬೀರಾಕಲ್ಲೇನು?" ಎಂದರು ಅತ್ತೆ, ನಗುತ್ತಲೇ. ನಮ್ಮ ಮುಖ ನೋಡಿದ ಮೇಲೆ ನಗು ನಿಂತಿತು. "ಬಂದ ರೊಟ್ಟಿ ಅದಾವಲ್ಲ, ಅವನ್ನ ಕಳಸ್ರಿ."

ಕಮಲಾಬಾಯಿ ಡಬ್ಬಿಯ ಮುಂದೆ ಕೂತೇ ಇದ್ದಳು. "ಉಡಿಯಾಗ ಬಂದದ್ದು ತಕ್ಕಡಿಗೆ ಹಾಕಬಾರ್ದ್ರಿ ಆಯಿ" ಎಂದಳು, ಹಬ್ಬದ ಪ್ರೀತಿಗೆ ಬಂದದ್ದನ್ನು ಮಾರಬಾರದು ಎಂಬಂತೆ. ಅಷ್ಟೇ. ಅತ್ತೆಯ ಮೇಲೆ ಒಂದು ಬಿರುಸು ಮಾತಿಲ್ಲ. ಆ ಹೊತ್ತಿನಲ್ಲೂ ಅಂಥ ಮಾತು ಬರಬೇಕಾದರೆ ಒಳಗೆ ಎಂಥ ಬೆಳಕಿರಬೇಕು!

ನಮ್ಮ ಗದ್ದಲ ಗೋಡೆ ದಾಟಿ ಪಕ್ಕದ ಮನೆಯ ಶಾಹಿದಾ ಆಪಾಗೆ ಕೇಳಿತ್ತು. ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಹಂಚು ನಿಮ್ಮ ಮನ್ಯಾಗ ಬ್ಯಾಡ. ನಮ್ಮ ಮನ್ಯಾಗ ಏನ್ ತಕಲೀಫ್ ಅದರಿ? ಹಿಟ್ಟು ತರ್ರಿ, ನಾ ಬಡಿತೇನಿ" ಎಂದರು.

ಹಿಟ್ಟು ಮನೆಯಲ್ಲಿತ್ತು. ಬಹಳ ದಿನ ಬಾರದ ನೀರಿನ ಟ್ಯಾಂಕರ್ ಅಂದೇ ಬೆಳಿಗ್ಗೆ ಬಂದು ಆಪಾ ಮನೆಯ ಡ್ರಮ್ಮು ತುಂಬಿತ್ತು. ಇವನ್ನೆಲ್ಲ ನಾನು ದೇವರ ಲೆಕ್ಕಕ್ಕೇ ಹಾಕುತ್ತೇನೆ. ಆಪಾ ಕುದಿನೀರು ಹಾಕಿ ಕೊಟ್ಟರು. ಕಮಲಾಬಾಯಿ ಒಲೆಯಿಂದ ದೂರ ಕೂತು ನಾದತೊಡಗಿದಳು.

"ನಿನಗ ನಡೀತದೇನ ಇದು?" ಎಂದು ಆಪಾ ಕೇಳಿದರು.

"ನಾದೂದಕ್ಕ ನಾಗಪ್ಪ ಬ್ಯಾಡ ಅಂದಿಲ್ರಿ. ಹಂಚು ನಿಮ್ಮದು, ಕಿಚ್ಚು ನಿಮ್ಮದು."

"ಹಂಗಾದ್ರ ಹೆಸರೂ ನಂದೇ. ನಿನ್ನ ರೊಟ್ಟಿಗಿಂತ ನಂದು ಛಲೋ ಅಂದ್ರ ಅಳಬ್ಯಾಡ ಮತ್ತ!"

ನಕ್ಕೆವು. ಆದರೆ ಆ ಮಾತೇ ನನ್ನನ್ನು ಹಿಡಿದು ನಿಲ್ಲಿಸಿತು. ಶರಣಪ್ಪ ಕೇಳಿದ್ದು ಕಮಲಾಬಾಯಿಯ ಕೈಯ ರೊಟ್ಟಿ. ಹೇಳಿದರೆ ಬೇಡ ಎಂದಾರು. ಹೇಳದಿದ್ದರೆ ಯಾರಿಗೂ ತಿಳಿಯದು. ಅತ್ತೆ ಸುಮ್ಮನಿರುವುದೇ ಒಳ್ಳೆಯದೆಂದರು. ಕಮಲಾಬಾಯಿ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, "ಫೋನ್ ಹಿಡೀರಿ ಅಕ್ಕಾರ" ಎಂದಳು. ಬರೆಯಲು ಪುರುಸೊತ್ತಿಲ್ಲ, ವಾಯ್ಸ್ ಮೆಸೇಜ್ ಒತ್ತಿ ಹಿಡಿದೆ.

"ಅಣ್ಣಾ, ನಾ ಎಕಂಬಾದ ಕಮಲಾಬಾಯಿ. ನಿಮ್ಮ ರೊಟ್ಟಿ ನಮ್ಮ ಆಯಿ ಹಬ್ಬಕ್ಕಂತ ಓಣಿಗೆಲ್ಲ ಬೀರ್ಯಾರ. ಇವತ್ತ ಪಂಚಮಿ, ನಾವು ಹಂಚು ಇಡಂಗಿಲ್ಲ. ಹಿಟ್ಟು ನಾ ನಾದೇನಿ. ಬಡ್ದು ಬೇಯಸಾಕತ್ತವರು ಬಾಜೂ ಮನಿ ಶಾಹಿದಾ ಆಪಾ. ನಡೀತದಂದ್ರ ಸಂಜಿ ಬಸ್ಸಿಗೆ ಹಾಕ್ತೇವಿ. ನಡ್ಯಂಗಿಲ್ಲಂದ್ರ ಸಿಟ್ಟಿಲ್ರಿ."

ಅವಳ ಮಾತಿನ ಹಿಂದೆ ಆಪಾ ರೊಟ್ಟಿ ಬಡಿಯುವ ಸಪ್ಪಳವೂ ಹೋಯಿತು. ಉತ್ತರ ಬರುವವರೆಗೂ ಆಪಾ ಕೈ ನಿಲ್ಲಿಸಲಿಲ್ಲ. "ಬ್ಯಾಡಂದ್ರ ಎರಡೂ ಮನಿಯವ್ರು ವಾರಗಟ್ಲೆ ತಿಂದ್ರಾತು" ಎಂದರು. ಬಸ್ಸಿಗೆ ಹೊರಡುವ ಹೊತ್ತಿಗೆ ಫೋನು ಕೂಗಿತು.

"ತಂಗೀ, ಸಾಯಗಾಂವದಾಗ ನಮ್ಮವ್ವನೂ ಇವತ್ತ ಹಂಚು ಬೋರಲ ಹಾಕ್ಯಾಳ. ನಾಳಿಗೆ ರೊಟ್ಟಿ ಹ್ಯಾಂಗ ಬರ್ತಾವಂತ ನನಗೂ ಸಂಶೇ ಇತ್ತು. ಖರೇ ಹೇಳಿದ್ರಿ. ಕಳಸ್ರಿ. ಆಪಾಗ ಸಲಾಮ್ ಹೇಳ್ರಿ. ಮತ್ತ ಆ ಆಯಿಗೆ ಹೇಳ್ರಿ, ನಮ್ಮ ರೊಟ್ಟಿ ಬೀರ್ಯಾರಂದ್ರ ಪುಣ್ಯಾ ಅರ್ಧಾ ನಮ್ಮದು!"

ರೊಟ್ಟಿ ಹೋದವು. ಮರುದಿನ ಊಟದ ಹೊತ್ತಿಗೆ ಶರಣಪ್ಪ ಆ ವಾಯ್ಸ್ ಮೆಸೇಜನ್ನು ಮೆಸ್ಸಿನಲ್ಲಿ ಎಲ್ಲರಿಗೂ ಕೇಳಿಸಿದರಂತೆ. ಯಾರೋ ಒಬ್ಬರು ಇನ್ನೊಮ್ಮೆ ಹಚ್ಚಿಸಿದರಂತೆ, ಮಾತಿಗಲ್ಲ, ಹಿಂದಿನ ಸಪ್ಪಳಕ್ಕೆ. ಅದು ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಹಾರಿತು. ವಾರದ ಆರ್ಡರ್ ಖಾಯಂ ಆಯಿತು. ಬೇರೆ ಮೆಸ್ಸುಗಳೂ ಕೇಳತೊಡಗಿದವು.

ಅಂದಿನಿಂದ ನಾನು ಹೂವಿನ ಫೋಟೊ ಬಿಟ್ಟೆ. ಪ್ರತಿ ಪಾರ್ಸೆಲ್ಲಿನ ಮುಂಚೆ ಒಂದು ವಾಯ್ಸ್ ಮೆಸೇಜ್: ಇಂದಿನ ರೊಟ್ಟಿ ಯಾರ ಕೈಯದು, ಜೋಳ ಹೇಗಿದೆ. ಜೋಳ ಹಳತಾಗಿದ್ದರೆ ಹಳತು ಎಂದೇ ಹೇಳಿದೆವು. ಶಾಹಿದಾ ಆಪಾ ಕೂಡ ನಮ್ಮ ಕೆಲಸಕ್ಕೆ ಸೇರಿಕೊಂಡರು. ಪಂಚಮಿ ಬಂದರೆ ಅವರೇ ಹಂಚು ಇಡುತ್ತಾರೆ. ರಂಜಾನಿನ ಉಪವಾಸದಲ್ಲಿ ಅವರ ಪಾಳಿಯನ್ನು ಕಮಲಾಬಾಯಿ ಹೊರುತ್ತಾಳೆ, "ಈಗ ಕಿಚ್ಚು ನಮ್ಮದ್ರಿ" ಎನ್ನುತ್ತ.

ಸವಿತಾ ಅದೇ ಸಾಲಿಯಲ್ಲಿ ಹತ್ತನೆಯದು ಮುಗಿಸಿದಳು. ಕಮಲಾಬಾಯಿ ಬಟ್ಟೆ ಹೊರಗೆ ತೆಗೆದು ಆ ಟ್ರಂಕನ್ನು ರೊಟ್ಟಿ ಇಡಲು ಕೊಟ್ಟಳು. ಇವು ಮಾರುವ ರೊಟ್ಟಿ ಎಂದು ಅತ್ತೆಯವರಿಗೆ ತಿಳಿಯಲಿ ಅಂತ ಅದಕ್ಕೊಂದು ಬೀಗವನ್ನೂ ಹಾಕಿದೆವು. ಅವರೇ ನಕ್ಕು ಕೀಲಿಕೈ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮಾರುವುದನ್ನು ಕಲಿಸುವವರು ಬಹಳ ಜನ ಇದ್ದಾರೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು: ಕಣ್ಣಿಗೆ ಕಾಣದ ಗಿರಾಕಿ ನಮ್ಮನ್ನು ನಂಬುವುದು, ಅವನಿಗೆ ಎಂದೂ ತಿಳಿಯಲಾರದ್ದನ್ನು ನಾವಾಗಿಯೇ ಹೇಳಿದಾಗ. ಹಾಗೆ ಹೇಳಬಲ್ಲವಳೊಬ್ಬಳು, ಅವಳಿಗೆ ಹಂಚು ಇಟ್ಟು ಕೊಡುವವಳೊಬ್ಬಳು, ಇಬ್ಬರೂ ನಮ್ಮ ಗೋಡೆಯ ಎರಡು ಬದಿಗೆ ಇದ್ದರಲ್ಲ! ಬರದ ವರ್ಷದಲ್ಲಿ ದೇವರು ಇದಕ್ಕಿಂತ ಹೆಚ್ಚು ಏನು ಕೊಡಬೇಕಿತ್ತು?